ಒದ್ದೆ ಸ್ಪಂಜು

ಸೊಸೆ ಬಸ್ ಕಂಡಕ್ಟರ್. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಚಾಪೆ ಹಾಸಿ, ಮೇಲೊಂದು ಬುಟ್ಟಿ ಇಟ್ಟು ಹೋಗುತ್ತಿದ್ದಳು. ಅದರಲ್ಲಿ ಗೋಣಿಯ ತುಂಡು, ಮುಟ್ಟಿದರೆ ಸರಸರ ಅನ್ನುವ ಬಣ್ಣದ ಕಾಗದ, ಮರದ ಸೌಟು, ಸ್ಪಂಜು.

"ಅತ್ತೆ, ಮಗೂನ ಬೋರಲು ಹಾಕಿ ಇವನ್ನೆಲ್ಲ ಸ್ವಲ್ಪ ದೂರದಲ್ಲಿಡಿ. ಮುಟ್ಟೋ ಆಸೆಗೆ ತಾನೇ ತೆವಳ್ತಾನೆ. ಸ್ಪಂಜು ಒದ್ದೆ ಮಾಡ್ಕೊಡಿ, ಹಿಂಡ್ಲಿ."

"ನಂಗೇ ಹೇಳ್ಕೊಡ್ತೀಯಾ? ನಿನ್ನ ಗಂಡನ್ನ ಸಾಕಿದ್ದು ಯಾರು, ಪಕ್ಕದ್ಮನೆಯವರಾ?" ಎಂದು ಅತ್ತೆ ನಗುತ್ತಿದ್ದಳು.

ಆದರೆ ನೆಲದ ಮೇಲೆ ಕೂತರೆ ಏಳಿಸುವವರು ಯಾರು? ಮಂಡಿ ಎರಡೂ ಕೈಕೊಟ್ಟಿದ್ದವು. ಒಮ್ಮೆ ಕೂತು, ಅರ್ಧ ಗಂಟೆ ಏಳಲಾಗದೆ ಮಗುವಿನ ಜೊತೆ ತಾನೂ ಅತ್ತಿದ್ದಳು. ಇದು ಗೊತ್ತಾದರೆ ಮಗುವನ್ನು ಬೇರೆ ಯಾರ ಹತ್ತಿರವೋ ಬಿಡುತ್ತಾರೆ, ತಾನು ಗೋಡೆ ನೋಡುತ್ತ ಕೂರಬೇಕು. ಅದಕ್ಕೇ ಇಡೀ ದಿನ ತನ್ನ 'ದೊರೆ'ಯನ್ನು ಮಡಿಲಲ್ಲೇ ಇಟ್ಟುಕೊಂಡು, ಸೊಸೆ ಬರುವ ಹೊತ್ತಿಗೆ ಕಾಗದ ಮುದುಡಿ, ಸೌಟನ್ನು ಕಾಲಲ್ಲಿ ತಳ್ಳಿ, ಸ್ಪಂಜು ಒದ್ದೆ ಮಾಡಿ ಚಾಪೆಗೆ ಎಸೆಯುತ್ತಿದ್ದಳು. ರಜೆಯ ದಿನ ಸೊಸೆ ಕೆಳಗೆ ಬಿಟ್ಟರೆ ಮಗು ಅಳುತ್ತಿತ್ತು. "ನಿನ್ನ ಕಂಡ್ರೆ ಎತ್ಕೋ ಅಂತಾನೆ" ಎಂದು ಅತ್ತೆ ಅದಕ್ಕೂ ಉತ್ತರ ಇಟ್ಟಿದ್ದಳು.

ಮಗುವಿನ ಹತ್ತನೇ ತಿಂಗಳಿಗೆ ತಪಾಸಣೆಗೆಂದು ಇಬ್ಬರೂ ಆಸ್ಪತ್ರೆಗೆ ಹೋದರು. ಪರಿಚಯದ ನರ್ಸಮ್ಮ ಮಗುವನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ದೊರೆ ಕೆಂಡ ಮುಟ್ಟಿದವನಂತೆ ಕೈಕಾಲು ಎತ್ತಿ ಕಿರುಚಿದ.

"ಏನಮ್ಮ, ಇವನು ನೆಲ ಕಂಡೇ ಇಲ್ವಲ್ಲ! ಟಿಕೆಟ್ ಹರಿಯೋಕೆ ಪುರುಸೊತ್ತಿದೆ, ಮಗು ಆಡಿಸೋಕಿಲ್ವಾ?"

ಸೊಸೆಯ ಮುಖ ಕೆಂಪಾಯಿತು. "ಹಂಗನ್ಬೇಡಿ ಸಿಸ್ಟರ್. ನಮ್ಮತ್ತೆ ದಿನಾ ಆಡಿಸ್ತಾರೆ. ನಾನು ಮನೆಗೆ ಬಂದಾಗ್ಲೂ ಸ್ಪಂಜು ಒದ್ದೆ ಇರುತ್ತೆ. ಅವರದ್ದೇನೂ ತಪ್ಪಿಲ್ಲ. ಮಗೂಗೇ ಏನೋ ತೊಂದ್ರೆ ಇರ್ಬೇಕು..." ದೊಡ್ಡ ಡಾಕ್ಟರಿಗೆ ಚೀಟಿ ಬರೆಯಲು ನರ್ಸಮ್ಮ ಪೆನ್ನು ತೆಗೆದಳು.

ಸೊಸೆ ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ತನ್ನ ಪರ ನಿಂತವಳಿಗೆ ಏನು ಹೇಳುವುದು? ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅತ್ತೆಗೆ.

"ಮಗೂಗೆ ಏನೂ ಆಗಿಲ್ಲ. ಸ್ಪಂಜು ನಾನೇ ಒದ್ದೆ ಮಾಡಿ ಎಸೀತಿದ್ದೆ. ಒಂದಿನಾನೂ ಅವನ್ನ ಕೆಳಗೆ ಬಿಟ್ಟಿಲ್ಲ. ಕೂತ್ರೆ ಏಳೋಕಾಗಲ್ಲ ನಂಗೆ."

ಸಾಲಿನಲ್ಲಿದ್ದ ತಾಯಂದಿರೆಲ್ಲ ತಿರುಗಿದರು. ಸೊಸೆ ಮಾತ್ರ ತಿರುಗಲಿಲ್ಲ.

ನರ್ಸಮ್ಮ ಪೆನ್ನು ಮುಚ್ಚಿದಳು. "ನೆಲಾನೇ ಆಗ್ಬೇಕು ಅಂತೇನಿಲ್ಲ ಅಜ್ಜಿ. ಮಂಚ ಗೋಡೆಗೆ ಒತ್ತಿಸಿ, ಮೇಲೆ ಮಗೂನ ಬಿಟ್ಟು, ಈಚೆಗೆ ನೀವು ಅಡ್ಡ ಕೂತ್ಕೊಳ್ಳಿ. ಮೊದ್ಲು ಎರಡೇ ನಿಮಿಷ, ಮೆತ್ತನೆ ಬಟ್ಟೆ. ಒರಟು ಬಟ್ಟೆ ಆಮೇಲೆ. ತಿಂಗಳಾದ್ಮೇಲೂ ಹೀಗೇ ಇದ್ರೆ ಡಾಕ್ಟರಿಗೆ ತೋರಿಸೋಣ."

ಹೊರಗೆ ಬಂದಾಗ ಮಗುವನ್ನು ಸೊಸೆಯೇ ಎತ್ತಿಕೊಂಡಳು. ಬಸ್ ಸ್ಟಾಪಿಗೆ ಬಂದ ಮೇಲೆ ಅತ್ತೆಯ ಕಡೆ ತಿರುಗಿದಳು.

"ನೋವು ಅಂತ ಒಂದ್ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಮಗೂನ ಕಿತ್ಕೋತೀಯ ಅಂತ ಭಯ ಕಣೇ."

"ನಾಳೆ ರಜ ಹಾಕ್ತೀನಿ. ಹೇಗೆ ಆಡಿಸ್ತೀರಾ ಅಂತ ಕಣ್ಣಾರೆ ನೋಡ್ಬೇಕು."

ನಾಡಿದ್ದಿನಿಂದ ಮಗು ಯಾರ ಹತ್ತಿರ ಎಂದು ಕೇಳುವ ಮುಖ ಅತ್ತೆಗೆ ಉಳಿದಿರಲಿಲ್ಲ.

ಬಸ್ಸು ಬಂತು. ಮೆಟ್ಟಿಲು ಎತ್ತರ. ಮೊದಲು ಹತ್ತಿದ ಸೊಸೆ, ಮಗುವನ್ನು ಒಂದು ತೋಳಿಗೆ ಬದಲಿಸಿಕೊಂಡು ಇನ್ನೊಂದು ಕೈ ಚಾಚಿದಳು. ಆ ಕೈ ಹಿಡಿಯಲೂ ನಾಚಿಕೆಯಾಯಿತು. ಹಿಡಿಯದೆ ಹತ್ತುವ ಹಾಗೂ ಇರಲಿಲ್ಲ.