ಪೆಂಘುಲುವಿನ ಮನೆಯ ಅನ್ನ

ದುವಾ ಮುಗಿದು, ಕೈ ತೊಳೆಯುವ ತಂಬಿಗೆ ಎಲ್ಲರ ಮುಂದೆ ಹಾದುಹೋದರೂ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಅರಿಶಿನದ ಅಂಟಕ್ಕಿ ಅನ್ನದ ಹಬೆ ತಟ್ಟೆಗಳ ಮೇಲೆಯೇ ಆರುತ್ತಿತ್ತು.

ಊರಿನ ಪೆಂಘುಲು, ಅಂದರೆ ಸರಕಾರ ನೇಮಿಸಿದ ಮುಖಂಡ, ಇದ್ರುಸನ ಮೊಮ್ಮಗನ ಮುಡಿ ತೆಗೆಸಿದ ಔತಣವದು. ಕರೆದ ಮನೆಗೆ ಹೋಗದಿರುವುದು ಪಾಪವೆಂದು ಗಂಡಸರೆಲ್ಲ ಬಂದಿದ್ದರು. ಆದರೆ ಸಂಶಯದ ದುಡ್ಡಿನ ತುತ್ತು ಗಂಟಲಿಗಿಳಿದರೆ ಮಾಡಿದ ನಮಾಜೆಲ್ಲ ನೀರುಪಾಲು ಎಂದೂ ಹಿರಿಯರು ಹೇಳಿಕೊಟ್ಟಿದ್ದರು. ಇವತ್ತು ಅನ್ನ ತಿರುಗಿ ಒಳಗೆ ಹೋದರೆ, ಇನ್ನು ಆ ಮನೆಯಲ್ಲಿ ಯಾರೂ ನೀರೂ ಮುಟ್ಟುವವರಲ್ಲ.

ಸಂಶಯಕ್ಕೆ ಕಾರಣ ಹೊಳೆಯಲ್ಲೇ ನಿಂತಿತ್ತು. ಹೋದ ವರ್ಷ ಸರಕಾರ ಸೇತುವೆ ಮಂಜೂರು ಮಾಡಿ ಕಂಬ ನೆಟ್ಟಿತು. ಹಲಗೆ ಬರಲೇ ಇಲ್ಲ. ಅದೇ ಹೊತ್ತಿಗೆ ಇದ್ರುಸನ ಮನೆಗೆ ಹೊಸ ಹೆಂಚು ಬಂತು. ಅಳಿಯ ಕೊಡಿಸಿದ್ದೆಂದು ಅವನು ಹೇಳಿದ. ಹಲಗೆಯೇ ಹೆಂಚಾಯಿತೆಂದು ಊರು ಹೇಳಿತು.

ಪಿನಾಂಗಿನ ಖಜಾನೆಯಲ್ಲಿ ವಿಚಾರಿಸಿಕೊಂಡು ಬಂದದ್ದನ್ನು ಇದ್ರುಸ್ ಎಲ್ಲರ ಮುಂದೆ ಹೇಳಿದ. ಸರಕಾರಕ್ಕೆ ಇಲ್ಲಿ ಬರುವುದೆಲ್ಲ ಬೆಳ್ಳಿಯ ರಿಂಗಿಟ್. ದಂಡಿನ ಖರ್ಚೆಂದು ಲಂಡನ್ನಿಗೆ ಕಟ್ಟಬೇಕಾದ್ದು ಚಿನ್ನದ ಸವರನ್ನು. ವರ್ಷದ ಆಯವ್ಯಯ ಬರೆಯುವಾಗ ಸಾಕೆಂದುಕೊಂಡ ಬೆಳ್ಳಿ, ಬೆಲೆ ಬಿದ್ದು, ಕಟ್ಟುವ ಹೊತ್ತಿಗೆ ಸಾಲದೆ ಹೋಯಿತು. ಲಂಡನ್ನಿನ ಪಾಲು ಮುಟ್ಟುವಂತಿಲ್ಲ, ಖರ್ಚಿನ ಪಟ್ಟಿಯಿಂದ ಸೇತುವೆಗಳನ್ನು ಹೊಡೆದುಹಾಕಿದರು. ಗುಮಾಸ್ತ ಇದನ್ನೆಲ್ಲ ಕಿಟಕಿಯಾಚೆ ನೋಡುತ್ತ ಹೇಳಿದ್ದು ಇದ್ರುಸನಿಗೂ ಸರಿಕಂಡಿರಲಿಲ್ಲ. ಅದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಹಡಗು ಹತ್ತಿದ್ರೆ ರಿಂಗಿಟ್ಟಿಗೆ ವಾಂತಿಭೇದಿ ಆಗುತ್ತೇನು ಯಜಮಾನ್ರೇ, ಅಷ್ಟೊಂದು ಸೊರಗೋಕೆ?" ಎಂದ ದೋಣಿಯ ಅವಾಂಗ್. "ಮಗು ಕೂದಲ ತೂಕಕ್ಕೆ ಬೆಳ್ಳಿ ದಾನ ಕೊಟ್ರಲ್ಲ, ಅದೂ ಸೊರಗಿತ್ತಾ?"

ಸೇತುವೆ ಬಾರದಿದ್ದರೆ ಲಾಭ ಯಾರ ದೋಣಿಗೆ ಎಂದು ಹಿಂದಿನಿಂದ ಯಾರೋ ಕೇಳಿದರು. ಅವಾಂಗನ ಮಾತಿಗೆ ಎದ್ದಿದ್ದ ನಗು ಅವನ ಮೇಲೆಯೇ ತಿರುಗಿ, ಅಲ್ಲೇ ಸತ್ತಿತು.

"ಮಸೀದೀಲಿ ಕುರಾನ್ ಮುಟ್ಟಿ ಆಣೆ ಮಾಡ್ತೀನಿ. ನಾನು ತಿಂದಿಲ್ಲ," ಎಂದ ಇದ್ರುಸ್.

"ತಿಂದಿಲ್ಲ ಅಂತ ಆಣೆ ಮಾಡ್ತೀರಿ," ಎಂದ ಅವಾಂಗ್. " ದುಡ್ಡು ಲಂಡನ್ನಿಗೇ ಹೋಯ್ತು ಅಂತ ಮಾಡಿ, ನೋಡೋಣ."

ಇದ್ರುಸ್ ತಲೆ ತಗ್ಗಿಸಿದ. ಕಣ್ಣಾರೆ ಕಾಣದ್ದಕ್ಕೆ ದೇವರನ್ನು ಸಾಕ್ಷಿ ಕರೆಯುವುದು ಹೇಗೆ?

ಮೂಲೆಯಲ್ಲಿ ಲೆಬಾಯ್ ತಾಹಿರ್ ಕೂತಿದ್ದರು. ಊರ ಮಕ್ಕಳಿಗೆ ಕುರಾನ್ ಓದಿಸುವವರು. ಹಿಂದೆ ಅವರನ್ನು ಊರೆಲ್ಲ ಸೇರಿ, ಔತಣ ಮಾಡಿ, ಅತ್ತು, ಹಜ್ಜಿಗೆ ಕಳಿಸಿಕೊಟ್ಟಿತ್ತು. ಅವರು ಪಿನಾಂಗಿನಿಂದಲೇ ಮರಳಿದ್ದರು. ಜ್ವರ ಬಂತು, ಹಡಗು ಹೋಯಿತು ಎಂದಿದ್ದರು.

"ನನಗೆ ಜ್ವರ ಬಂದಿರಲಿಲ್ಲ," ಎಂದರು ಲೆಬಾಯ್.

ಎಲ್ಲರೂ ತಿರುಗಿದರು.

"ಮಕ್ಕಾದಲ್ಲಿ ನಡೆಯೋದು ಚಿನ್ನ. ಅಣ್ಣ ಹಜ್ಜಿಗೆ ಹೋದಾಗ ಒಂದು ಸವರನ್ನಿಗೆ ಆರು ರಿಂಗಿಟ್ ಕೊಟ್ಟಿದ್ದ. ಅದೇ ಲೆಕ್ಕ ಹಿಡಿದು ಗದ್ದೆ ಮಾರಿದೆ, ಕೋಣ ಮಾರಿದೆ. ಚಿನಿವಾರ ಒಂಬತ್ತು ಕೇಳಿದ. ಕಳ್ಳ ಅಂತ ಬೈದು ಬೀದಿಯೆಲ್ಲಾ ಅಲೆದೆ. ಯಾವ ಅಂಗಡೀಲೂ ಒಂಬತ್ತೇ. ನನ್ನ ಬೆಳ್ಳಿ ಮಕ್ಕಾ ಮುಟ್ಟಲಿಲ್ಲ."

"ಹಾಗಾದ್ರೆ ಊರಿಗೆ ಸುಳ್ಳು ಹೇಳಿದ್ರಾ?" ಅವಾಂಗ್ ಮೆಲ್ಲಗೆ ಕೇಳಿದ.

"ಹೇಳಿದೆ."

ಅವರು ಬಿಸ್ಮಿಲ್ಲಾ ಎಂದು ಅನ್ನಕ್ಕೆ ಕೈ ಹಾಕಿದರು. ಅಷ್ಟು ಜನರ ನಡುವೆ ಒಬ್ಬರೇ ಅಗಿಯುವ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದವನು ಕೈ ಚಾಚಿದ, ಅವನ ಪಕ್ಕದವನೂ. ಕೆಲವರು ಮಾತ್ರ ಎದ್ದು, ಎಂಜಲಾಗದ ಕೈಯನ್ನೇ ತೊಳೆದು ಹೊರಟರು.

ಸಂಜೆ ಅವಾಂಗನ ದೋಣಿ ಬೋಳು ಕಂಬಗಳ ನಡುವೆ ಹೊಳೆ ದಾಟುತ್ತಿತ್ತು. ಔತಣದ ಮನೆಯ ಬಾಗಿಲಲ್ಲಿ ಅತಿಥಿಗಳಿಗೆ ಕೊಟ್ಟ ಕೆಂಪು ಬಣ್ಣದ ಮೊಟ್ಟೆ ಲೆಬಾಯರ ಅಂಗೈಯಲ್ಲಿತ್ತು. ಹಿಂದೆ ಯಾರೋ ಪಿಸುಗುಟ್ಟಿದರು: "ಇವರ ಮನೆಗೂ ಇದ್ರುಸನ ಮನೆಗೂ ಹಳೇ ನೆಂಟಸ್ತಿಕೆ ಅಲ್ವಾ?"

ಲೆಬಾಯ್ ತಿರುಗಲಿಲ್ಲ. ದೋಣಿ ಕಂಬಕ್ಕೆ ಉಜ್ಜಿ ಅಲುಗಿದಾಗ, ಇನ್ನೊಂದು ಕೈಯನ್ನೂ ಮೊಟ್ಟೆಯ ಮೇಲೆ ಮುಚ್ಚಿದರು.