ಖಾಲಿ ಸ್ಲೈಡು

ಉಡುಪಿಯ ಆ ಲ್ಯಾಬಿನಲ್ಲಿ ಸುಭಾಷಿಣಿಯ ಕೈಗೆ ಒಳ್ಳೆಯ ಹೆಸರಿತ್ತು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕಿಕೊಡುವುದು ಅವಳ ಕೆಲಸ. ಹೆಸರು ಬಂದ ಮೇಲೆ ಸ್ವಲ್ಪ ಅಸಡ್ಡೆಯೂ ಬರುತ್ತದೆ. ಅದು ಬಂದದ್ದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

ಕಾಪುವಿನ ಪಾತುಮ್ಮ ತನ್ನ ಹೊಟ್ಟೆಯ ಚೂರಿದ್ದ ಬಾಟ್ಲಿಯನ್ನು ತಾನೇ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಕೌಂಟರಿನಲ್ಲಿ ಕೊಡಲು ಒಪ್ಪದೆ ಸುಭಾಷಿಣಿಯನ್ನೇ ಕರೆಸಿದರು.

"ಹುಷಾರು ಮಗಳೇ. ಇದಕ್ಕಾಗಿ ಗಂಟಲಿಗೆ ಪೈಪು ಹಾಕಿಸಿಕೊಂಡು ಅರ್ಧ ಜೀವ ಆಗಿದ್ದೇನೆ. ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ."

"ಎಂತ ಹೆದರಿಕೆ ಬೇಡ ಪಾತುಮ್ಮಕ್ಕ, ನಾನಿದ್ದೇನಲ್ಲ."

ಸಾಸಿವೆಯಷ್ಟು ಸಣ್ಣ ಬಿಳಿ ಚೂರು. ಅಂಥದ್ದಕ್ಕೆ ಮೊದಲೇ ಒಂದು ಹನಿ ಕೆಂಪು ಬಣ್ಣ ತಾಗಿಸಬೇಕು, ಇಲ್ಲದಿದ್ದರೆ ಬಿಳಿ ಮೇಣದೊಳಗೆ ಅದು ಕಾಣುವುದೇ ಇಲ್ಲ. ಕಳೆದ ವರ್ಷ ಕೆಲಸಕ್ಕೆ ಸೇರಿದ ರೋಸಲಿನ್‌ಗೆ ಇದನ್ನು ಕಲಿಸಿದವಳೂ ಸುಭಾಷಿಣಿಯೇ. ಆದರೆ ಆ ದಿನ ನಂದಿಕೂರಿನ ನಾದಿನಿಯ ಮನೆಗೆ ಹೊರಡುವ ಗಡಿಬಿಡಿ. ಬಣ್ಣ ತಾಗಿಸಲಿಲ್ಲ. ಮರುದಿನ ಚೂರು ಇನ್ನೂ ಆಳದಲ್ಲಿದೆ ಎಂದುಕೊಂಡು ಕತ್ತರಿಸುವ ಯಂತ್ರದ ಚಕ್ರವನ್ನು ಸರಸರನೆ ತಿರುಗಿಸಿದಳು. ಮೇಣ ಮುಗಿಯುತ್ತ ಬಂತು, ಚೂರು ಬರಲಿಲ್ಲ. ಬ್ಲೇಡಿನ ಕೆಳಗೆ ಬಿದ್ದ ಮೇಣದ ಸಿಪ್ಪೆಯನ್ನೆಲ್ಲ ಜಾಲಾಡಿದಳು; ಅದರ ಜೊತೆಗೇ ಚೂರೂ ಕತ್ತರಿಸಿ ಹೋಗಿತ್ತು, ಸಿಗಲಿಲ್ಲ. ಉಳಿದದ್ದನ್ನು ಸ್ಲೈಡಿಗೆ ಹಾಕಿ, ನೀಲಿಯಲ್ಲಿ ಅದ್ದಿದಳು, ಗುಲಾಬಿಯಲ್ಲಿ ಅದ್ದಿದಳು. ಬಣ್ಣ ಹಿಡಿಯಲು ಅಲ್ಲಿ ಏನಾದರೂ ಇರಬೇಕಲ್ಲ.

"ಇದರಲ್ಲಿ ಟಿಶ್ಯೂ ಎಲ್ಲಿ ಉಂಟು?" ಎಂದು ಸ್ಲೈಡು ನೋಡಿ ವರದಿ ಬರೆಯುವ ತೆರೆಸಾ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಕೇಳಿದರು.

"ಬಂದದ್ದೇ ಸಣ್ಣದು ಮೇಡಂ. ಬರೀ ಲೋಳೆ ಇದ್ದಿರಬೇಕು."

ಡಾಕ್ಟರು ನಂಬಿದರು. ಹೆಸರಿದ್ದವಳಲ್ಲವೇ. ಸಾಕಾಗುವಷ್ಟು ಬಂದಿಲ್ಲ, ಮತ್ತೊಮ್ಮೆ ತೆಗೆದು ಕಳಿಸಿ ಎಂದು ಬರೆದರು. ಚೂರು ತೆಗೆದ ಕಾಪುವಿನ ಡಾಕ್ಟರ ತಲೆಗೆ ತಪ್ಪು ಬಂತು.

ವಾರ ಕಳೆದು ಪಾತುಮ್ಮ ನಗುತ್ತಲೇ ಬಂದರು. ಡಬ್ಬಿಯ ಮುಚ್ಚಳ ತೆಗೆದು ಬೆಲ್ಲ ಹಾಕಿದ ಅಕ್ಕಿತಿಂಡಿ ಕಲ್ತಪ್ಪದ ತುಂಡೊಂದನ್ನು ಅವಳ ಕೈಗಿಟ್ಟರು.

"ಚೂರಲ್ಲಿ ಎಂತದೂ ಸಿಗಲಿಲ್ಲವಂತೆ. ಆದರೂ ಇನ್ನೊಮ್ಮೆ ಪೈಪು ಹಾಕಬೇಕಂತೆ. ಎಂತಕ್ಕೆ? ಕಾಯಿಲೆ ಇದ್ದಿದ್ದರೆ ಸಿಗುತ್ತಿತ್ತು, ಅಲ್ವಾ? ನಾನು ಹೋಗುವುದಿಲ್ಲ ಅಂದುಬಿಟ್ಟೆ. ತಿನ್ನು ಮಗಳೇ."

ಅವರ ಕೆನ್ನೆ ಇನ್ನಷ್ಟು ಒಳಗೆ ಹೋಗಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸುಮ್ಮನಿದ್ದರೆ ಸುಭಾಷಿಣಿಯ ಹೆಸರು ಉಳಿಯುತ್ತಿತ್ತು, ಈ ಹೆಂಗಸು ಹೊಟ್ಟೆಯಲ್ಲಿ ಇರುವುದನ್ನು ಇಟ್ಟುಕೊಂಡೇ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಪಾತುಮ್ಮಕ್ಕ, ಚೂರು ಸರಿಯಾಗಿಯೇ ಇತ್ತು. ನಾನು ಅದನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಪರೀಕ್ಷೆ ಆಗಲೇ ಇಲ್ಲ. ಕಾಯಿಲೆ ಇಲ್ಲ ಅಂತ ಯಾರೂ ಹೇಳಿಲ್ಲ."

ಒಳಗೆ ತೆರೆಸಾ ಡಾಕ್ಟರ ಕುರ್ಚಿ ಸರಿದ ಸದ್ದಾಯಿತು. ಕೇಳಲಿ ಎಂದುಕೊಂಡಳು.

ಪಾತುಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡಬ್ಬಿ ಮುಚ್ಚಿ, ಗಂಟಲ ಮೇಲೆ ಕೈಯಿಟ್ಟುಕೊಂಡರು.

"ಹಾಗಾದರೆ ಹೋಗಲೇಬೇಕು."

"ಹೌದು ಪಾತುಮ್ಮಕ್ಕ. ದಯವಿಟ್ಟು ಹೋಗಿ."

"ಮುಂದಿನ ಸಲ ಬಾಟ್ಲಿ ಯಾರ ಕೈಗೆ ಕೊಡಬೇಕು? ಹೆಸರು ಹೇಳು."

ಸುಭಾಷಿಣಿ ಕಲ್ತಪ್ಪ ಹಿಡಿದುಕೊಂಡೇ, "ರೋಸಲಿನ್" ಎಂದಳು.