ಮೀನಿನ ಹೊಟ್ಟೆ

ಕಿಡಿಮಾಮ ಗೊತ್ತಿಲ್ಲದವರು ಆ ಬೀದಿಯಲ್ಲಿಲ್ಲ. ಮೂವತ್ತೈದು ವರ್ಷ ವೆಲ್ಡಿಂಗ್ ಮಾಡಿ ಹುಬ್ಬು ಸುಟ್ಟುಕೊಂಡ ಮನುಷ್ಯ. ವಯಸ್ಸು ಅರವತ್ತೊಂದಾದರೂ ಅಕ್ಕನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟನೇ. ಆ ಅಕ್ಕ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಬೀದಿಗಿಂತ ಎರಡು ಮೆಟ್ಟಿಲು ಕೆಳಗಿದ್ದ ಅವಳ ಕೋಣೆಯ ಕಿಟಕಿಗೆ ತಾಗಿಯೇ ಕಾಲುವೆ. ಕಾಲುವೆ ಅನ್ನುವುದು ಹೆಸರಿಗಷ್ಟೇ. ಬಾಟಲಿ, ಚೀಲ, ಹರಿದ ಚಪ್ಪಲಿ ತುಂಬಿ ಉಸಿರುಗಟ್ಟಿ ನಿಂತಿತ್ತು.

"ಪುಟ್ಟಾ, ನಾವು ಚಿಕ್ಕವರಿದ್ದಾಗ ಈ ನೀರಿನ ಸದ್ದಿಗೆ ಅಮ್ಮ ಕರೆದಿದ್ದೇ ಕೇಳಿಸ್ತಿರಲಿಲ್ಲ. ಸಾಯೋದ್ರೊಳಗೆ ಒಂದ್ಸಲ ಆ ಸದ್ದು ಕೇಳ್ಬೇಕು ಕಣೋ."

"ಅಮ್ಮ ಕರೆದಿದ್ದು ಕೇಳಿಸಿದ್ರೂ ನೀನೆಲ್ಲಿ ಹೋಗ್ತಿದ್ದೆ ಬಿಡು," ಅಂದ. ಅಂದನೇ ಹೊರತು ಅಕ್ಕನ ಮಾತು ಅವನ ಎದೆಯಲ್ಲಿ ನಾಟಿಬಿಟ್ಟಿತು.

ಕಾಲುವೆ ಸ್ವಚ್ಛ ಮಾಡಿಸಲು ನಗರಸಭೆ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆದಿತ್ತು. ಬೀದಿಯವರನ್ನು ಬೈದು ಕೆಟ್ಟವನೂ ಆಗಿದ್ದ. ಕೊನೆಗೆ ತಾನೇ ಕಾಲುವೆಗಿಳಿದು, ಮೊಣಕಾಲುದ್ದ ಕೆಸರಿನಿಂದ ಸಿಕ್ಕಿದ್ದನ್ನೆಲ್ಲ ಎತ್ತಿ ತಂದ. ಸೈಕಲ್ ರಿಮ್ಮು ಕಣ್ಣಾಯಿತು, ಛತ್ರಿಯ ಕಡ್ಡಿಗಳು ಬಾಲವಾದವು, ಡಬ್ಬಗಳ ಮುಚ್ಚಳಗಳು ಸಾಲುಸಾಲಾಗಿ ಕೂತು ಮೈಯ ಹುರುಪೆಯಾದವು. ಬಾಯಿ ಕಳೆದು ನಿಂತ ಆಳೆತ್ತರದ ಮೀನು! ಹೊಟ್ಟೆ ಮಾತ್ರ ಬರೀ ತಂತಿಜಾಲರಿ. "ಕಾಲುವೆಗೆ ಬೇಡ, ನನಗೆ ಹಾಕಿ" ಎಂದು ಬರೆದ. ಅಕ್ಕನಿಗೆ ಕಾಣಲೆಂದು ಅವಳ ಕಿಟಕಿಯ ಎದುರೇ, ದಂಡೆಯ ಅಂಚಿನಲ್ಲಿ ನಿಲ್ಲಿಸಿದ.

ಅಲ್ಲೇ ಎಡವಿದ್ದು ಅವನು. ಜನ ಮೊದಲು ನೋಡಲು ಬಂದರು, ಆಮೇಲೆ ಹಾಕಲು, ಆಮೇಲೆ ಎಸೆಯಲು. ಪಕ್ಕದ ಬೀದಿಯವರೂ ಸ್ಕೂಟರಿನಲ್ಲಿ ಮನೆಯ ಕಸ ಹೇರಿಕೊಂಡು ಬಂದರು. ದೂರದಿಂದಲೇ ಗುರಿಯಿಟ್ಟು ಎಸೆದರು. ಬಾಯಿಗೆ ಬಿದ್ದರೆ ಚಪ್ಪಾಳೆ, ತಪ್ಪಿದರೆ ನಗು. ತಪ್ಪಿದ್ದೆಲ್ಲ ಎಲ್ಲಿಗೆ ಹೋಗಬೇಕು? ಕಾಲುವೆಗೇ. "ಮಾಮಾ, ನಿಮ್ಮ ಮೀನಿಗೆ ಇವತ್ತು ಭರ್ಜರಿ ಊಟ!" ಎಂದು ಹಲ್ಲು ಕಿರಿದು ಹೋದವರೆಷ್ಟೋ. ಅವನು ವಾರಕ್ಕೊಮ್ಮೆ ಹೊಟ್ಟೆಯ ಕಸವನ್ನು ನೋಡದೆಯೇ ಚೀಲಕ್ಕೆ ಸುರಿದು ಸಾಗಿಸುತ್ತಿದ್ದ. ಎರಡೇ ದಿನಕ್ಕೆ ಮತ್ತೆ ತುಂಬುತ್ತಿತ್ತು.

ಕಿತ್ತುಹಾಕಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಅಕ್ಕ ದಿಂಬಿಗೊರಗಿ, "ಎಷ್ಟು ಚಂದ ಮಾಡಿದ್ದೀಯೋ" ಅನ್ನುತ್ತಿದ್ದಳು. ಜೀವಮಾನವಿಡೀ ಗೇಟು, ಗ್ರಿಲ್ಲು ಮಾಡಿದವನಿಗೆ ಹಾಗೆ ಯಾರು ಹೇಳಿದ್ದರು? ಇವತ್ತು, ನಾಳೆ ಎಂದು ತಳ್ಳಿದ.

ಒಂದು ಮಧ್ಯಾಹ್ನ ಮಳೆ ಜಡಿಯಿತು. ಮುಂದೆ ಹೋಗಲು ದಾರಿಯಿಲ್ಲದ ನೀರು ಕಿಟಕಿಯಿಂದ ಒಳನುಗ್ಗಿತು. ಅವನು ವೆಲ್ಡಿಂಗ್ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಹಾಸಿಗೆ ನೆನೆದು ತೊಪ್ಪೆಯಾಗಿತ್ತು. ಹೆಗಲ ಮೇಲೆ ಹೊತ್ತುಕೊಂಡಾಗ ಅಕ್ಕ ನಡುಗುತ್ತಲೇ ಕೇಳಿದಳು, "ಸದ್ದು ಬರ್ತಿದೆ ಅಲ್ವೇನೋ?"

"ಹ್ಞೂಂ ಅಕ್ಕಾ," ಅಂದ. ಬರುತ್ತಿದ್ದದ್ದು ಮಂಚದ ಕಾಲಿಗೆ ಬಾಟಲಿಗಳು ಬಡಿಯುವ ಸದ್ದು.

ಎದೆಯಲ್ಲಿ ಕಫ ಕಟ್ಟಿತು. ಹನ್ನೊಂದನೆಯ ದಿನ ಅಕ್ಕ ಹೋದಳು.

ಮರುವಾರ ಅವನೇ ಮೀನಿನ ಹೊಟ್ಟೆ ಕತ್ತರಿಸಿದ. ಕಸ ದಬದಬ ಸುರಿಯಿತು. ಅದರ ನಡುವೆ ಹಳೆ ಸೀರೆಯ ತುಂಡಿನ ಪುಟ್ಟ ಗಂಟೊಂದು. ಬಿಚ್ಚಿದರೆ ಖಾಲಿ ಮಾತ್ರೆ ಹಾಳೆಗಳು, ಅಚ್ಚುಕಟ್ಟಾಗಿ ಜೋಡಿಸಿದ್ದು.

ಬೆಳಗ್ಗೆ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತಿದ್ದ ಕೆಲಸದಾಕೆ ಬಾಗಿಲಲ್ಲಿ ನಿಂತಿದ್ದಳು. "ವಾರಕ್ಕೊಂದ್ಸಲ ಅವರೇ ಕಟ್ಟಿ ಕೊಡ್ತಿದ್ರು. 'ಹತ್ರ ಹೋಗಿ ಬಾಯೊಳಗೇ ಇಡು, ಎಸೀಬೇಡ, ನನ್ ತಮ್ಮ ಬೇಜಾರ್ ಮಾಡ್ಕೋತಾನೆ' ಅಂತಿದ್ರು."

ಅಷ್ಟು ಕಸದಲ್ಲಿ ಗಂಟು ಕಟ್ಟಿ ಹಾಕಿದ್ದು ಅದೊಂದೇ. ಅವನು ಮತ್ತೆ ಗಂಟು ಹಾಕಿ ಕೈಯಲ್ಲಿ ಹಿಡಿದು ನಿಂತ. "ಇದನ್ನ ಎಲ್ಲಿ ಹಾಕ್ಲಮ್ಮಾ?" ಎಂದು ಕೇಳಿದ.